ಗೊತ್ತಿಲ್ಲ ಎನ್ನದ ಪ್ರೋಗ್ರಾಮು

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಮೇ ತಿಂಗಳು. ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿ ಬೊರಿವಲಿಯ ಒಂದು ನರ್ಸಿಂಗ್ ಹೋಮಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು. ಮನೆಯಲ್ಲಿ ಇನ್ನೂ ಸೀಮಂತದ ಮಾತುಕತೆ ನಡೆಯುತ್ತಿತ್ತು. ಅದು ಮುಗಿದ ಮೇಲೆ ಹೆಂಡತಿ ಚೊಚ್ಚಲ ಹೆರಿಗೆಗೆ ಮೈಸೂರಿಗೆ, ತವರಿಗೆ, ಹೋಗುವುದೆಂದು ತೀರ್ಮಾನವಾಗಿತ್ತು. ಮಗು ಅಷ್ಟಕ್ಕೆಲ್ಲ ಕಾಯಲಿಲ್ಲ. ಆ ಪೆಟ್ಟಿಗೆಯನ್ನು ಬೆಚ್ಚಗಿಡುತ್ತಿದ್ದದ್ದು ಒಳಗಿನ ಬಲ್ಬುಗಳು. ಆ ಬಲ್ಬುಗಳಿಗೆ ಕರೆಂಟು ಬರುತ್ತಿದ್ದದ್ದು ನಾನು ಕೆಲಸಕ್ಕಿದ್ದ ವಿದ್ಯುತ್ ಕಂಪನಿಯ, ದೂರದ ಕರೆಂಟನ್ನು ಪಡೆದು ಊರಿಗೆ ಹಂಚುವ ರಿಸೀವಿಂಗ್ ಸ್ಟೇಷನ್ನಿನಿಂದ. ಆ ಸ್ಟೇಷನ್ನಿಗೆ ಬರುವ ಎರಡು ದೊಡ್ಡ ಲೈನುಗಳಲ್ಲಿ ಒಂದನ್ನು ಮುಂದಿನ ಭಾನುವಾರ ಇಡೀ ದಿನ ಬಂದ್ ಮಾಡಬಹುದು, ಏನೂ ತೊಂದರೆಯಿಲ್ಲ ಎಂದು ಲೆಕ್ಕ ಹಾಕಿಕೊಟ್ಟವನು ನಾನೇ.

ನಾನು ಮೊದಲೇ ಪುಕ್ಕಲ. ಲೋಕಲ್ ಟ್ರೈನಿನ ಬಾಗಿಲಲ್ಲಿ ನೇತಾಡುವವರನ್ನು ಕಂಡರೆ ಒಳಗೆ ಭದ್ರವಾಗಿ ಕೂತ ನನ್ನ ಅಂಗೈ ಬೆವರುತ್ತದೆ. ಇಂಥವನಿಗೆ ಇಂಥ ವಾರ ಬಂದರೆ ಏನಾಗಬೇಡ! ಬೊರಿವಲಿಯಿಂದ ದಾದರ್‌ಗೆ ಹೋಗುವ ಅಷ್ಟೂ ಹೊತ್ತು ತಲೆಯಲ್ಲಿ ಒಂದೇ ಪ್ರಶ್ನೆ: ಆ ಲೆಕ್ಕ ಸರಿಯಿದೆಯಾ?

ಲೆಕ್ಕ ಮಾಡಿದ್ದು ಕಂಪ್ಯೂಟರಿನ ಒಂದು ಪ್ರೋಗ್ರಾಮು. ದಾದರ್ ಆಫೀಸಿನಲ್ಲಿ ನಮ್ಮ ಪ್ಲಾನಿಂಗ್ ವಿಭಾಗಕ್ಕೆ ಒಂದೇ ಒಂದು ಕಂಪ್ಯೂಟರಿತ್ತು. ಎಸಿ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ದೇವರ ಮನೆಗೆ ಹೋದ ಹಾಗೆ ಒಳಗೆ ಹೋಗಬೇಕು. ಆಗ ಇಂಥ ಲೆಕ್ಕಕ್ಕೆ ವಿದೇಶದಿಂದ ತರಿಸುವ ಪ್ರೋಗ್ರಾಮುಗಳೂ ಇದ್ದವು. ಅವು ಮುಚ್ಚಿದ ಡಬ್ಬಗಳು, ಒಳಗೇನಿದೆ ಎಂದು ಕೊಂಡವನೂ ನೋಡುವಂತಿಲ್ಲ. ನಮ್ಮದು ಹಾಗಲ್ಲ. ನಮ್ಮಂಥ ಬೆಳೆಯುತ್ತಿರುವ ಊರುಗಳ, ಅರೆಬರೆ ಲೈನುಗಳ ಪ್ರದೇಶಗಳಿಗೆ ಬೇಕಾದದ್ದನ್ನು ನಾವೇ ಬರೆದುಕೊಳ್ಳಬೇಕು ಎಂಬ ಹಟದಿಂದ ಒಬ್ಬ ಪ್ರೊಫೆಸರ್ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಅವರು ಅದರ ಮೂಲ ಬರಹವನ್ನೇ, ಒಂದಕ್ಷರ ಮುಚ್ಚಿಡದೆ, ಕೇಳಿದವರಿಗೆಲ್ಲ ಫ್ಲಾಪಿಯಲ್ಲಿ ಹಾಕಿ ಪುಕ್ಕಟೆ ಕೊಡುತ್ತಿದ್ದರು. ಷರತ್ತು ಒಂದೇ. ಏನಾದರೂ ತಿದ್ದಿದರೆ ತಮಗೂ ತಿಳಿಸಬೇಕು, ಮುಂದಿನವರಿಗೆ ಅದು ಸಿಗಬೇಕು. ನಮ್ಮ ಆಫೀಸಿನ ಪ್ರತಿಯನ್ನು ಈಶಾನ್ಯದ ಗುಡ್ಡಗಾಡಿನ ಒಂದು ವಿದ್ಯುತ್ ಮಂಡಳಿಯವರೂ, ಒಂದು ದ್ವೀಪದವರೂ ನಕಲು ಮಾಡಿಕೊಂಡು ಹೋಗಿದ್ದರು.

ಆ ಪ್ರೋಗ್ರಾಮು ಕೆಲಸ ಮಾಡುವ ರೀತಿ ಸರಳ. ಲೈನುಗಳ ಜಾಲದ ಯಾವ ಯಾವ ಜಾಗದಲ್ಲಿ ಎಷ್ಟು ವೋಲ್ಟೇಜ್ ಇರುತ್ತದೆಂದು ಮೊದಲು ಒಂದು ಅಂದಾಜು ಹಾಕುತ್ತದೆ. ಅದನ್ನು ತಿದ್ದಿ ಇನ್ನೊಂದು, ಅದನ್ನೂ ತಿದ್ದಿ ಮತ್ತೊಂದು. ಪಾಯಸಕ್ಕೆ ಸಕ್ಕರೆ ಹಾಕಿ ರುಚಿ ನೋಡಿ ಮತ್ತೆ ಹಾಕಿದ ಹಾಗೆ. ಅಂದಾಜು ಇನ್ನು ಬದಲಾಗುತ್ತಿಲ್ಲ ಎಂದಾಗ ನಿಲ್ಲಿಸಿ ಉತ್ತರವನ್ನು ಅಚ್ಚು ಮಾಡುತ್ತದೆ. ಕೆಲವು ಸಲ ಅಂದಾಜು ಒಂದು ಕಡೆ ನಿಲ್ಲದೆ ಹೊಯ್ದಾಡುತ್ತಲೇ ಇರುತ್ತದೆ. ಜಾಲ ಅಷ್ಟು ಭಾರ ಹೊರಲಾರದು ಎನ್ನುವಾಗ ಹಾಗಾಗುವುದುಂಟು.

ಲೈನ್ ಬಂದ್ ಮಾಡುವುದಕ್ಕೂ ಕಾರಣವಿತ್ತು. ಅದರ ಪಿಂಗಾಣಿ ಇನ್ಸುಲೇಟರುಗಳು ಅಲ್ಲಲ್ಲಿ ಬಿರುಕು ಬಿಟ್ಟಿದ್ದವು. ಮಳೆ ಶುರುವಾಗುವ ಮುಂಚೆ ಬದಲಾಯಿಸದಿದ್ದರೆ ಲೈನು ತಾನಾಗಿಯೇ ಬೀಳುತ್ತಿತ್ತು. ಬಿಜಾಪುರದ ಕಡೆಯ ಒಂದು ಗ್ಯಾಂಗು ಟವರ್ ಹತ್ತಲು ಸಿದ್ಧವಾಗಿತ್ತು. ಜನ ಮೇಲಿರುವಾಗ ಲೈನಿನ ಎರಡೂ ತುದಿಯನ್ನು ತಂತಿ ಹಾಕಿ ನೆಲಕ್ಕೆ ಸೇರಿಸಿರುತ್ತಾರೆ, ಅವರೆಲ್ಲ ಇಳಿದು, ಹತ್ತಲು ಕೊಟ್ಟ ಪರ್ಮಿಟ್ ವಾಪಸ್ ಕೊಡುವವರೆಗೆ ಏನೇ ಆದರೂ ಅದಕ್ಕೆ ಕರೆಂಟು ಬಿಡುವಂತಿಲ್ಲ. ಉಳಿದ ಒಂದೇ ಲೈನು ಇಡೀ ಉಪನಗರವನ್ನು ಹೊರಬೇಕು. ಹೊರುತ್ತದೆ, ವೋಲ್ಟೇಜ್ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ ಎಂದು ನಮ್ಮ ಪ್ರೋಗ್ರಾಮು ಹೇಳಿತ್ತು.

ಮಗಳು ಹುಟ್ಟುವ ಮುಂಚೆ ಆ ಕಾಗದ ನನಗೆ ಬರೀ ಒಂದು ರಿಪೋರ್ಟು. ಈಗ ಅದರ ನಕಲನ್ನು ಜೇಬಿನಲ್ಲಿಟ್ಟುಕೊಂಡು ದಿನಕ್ಕೆ ಹತ್ತು ಸಲ ತೆಗೆದು ಓದುತ್ತಿದ್ದೆ. ನರ್ಸಿಂಗ್ ಹೋಮಿನ ಜನರೇಟರ್ ರಿಪೇರಿಗೆ ಹೋಗಿತ್ತು. ಮಗುವನ್ನು ಸಾಂತಾಕ್ರೂಜ್‌ನ ಆಸ್ಪತ್ರೆಗೆ ಸಾಗಿಸಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಈ ತೂಕದ ಮಗುವನ್ನು ಟ್ಯಾಕ್ಸಿಯಲ್ಲಿ ಅಷ್ಟು ದೂರ ಒಯ್ಯುವ ಮಾತೇ ಬೇಡ ಎಂದರು. ಹೆಂಡತಿ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. "ಏನೂ ಆಗಲ್ಲ ಬಿಡೇ," ಅಂದೆ. ನಮ್ಮ ಮದುವೆಯಾದಾಗಿನಿಂದ ನಾನು ಅವಳಿಗೆ ಅತಿ ಹೆಚ್ಚು ಸಲ ಹೇಳಿದ ಮಾತು ಅದು.

ಗುರುವಾರ ಕಂಪ್ಯೂಟರಿನ ಮುಂದೆ ಕೂತು ಭಾನುವಾರದ ಲೆಕ್ಕವನ್ನು ಮತ್ತೆ ಓಡಿಸಿದೆ. ಅದೇ ಉತ್ತರ. ಮನಸ್ಸು ಒಪ್ಪಲಿಲ್ಲ. ಬೊರಿವಲಿ ಆಚೆ ಎದ್ದಿದ್ದ ಹೊಸ ಬಿಲ್ಡಿಂಗುಗಳು, ಅವುಗಳ ನೀರಿನ ಪಂಪುಗಳು ಎಂದು ಲೋಡನ್ನು ಸ್ವಲ್ಪ ಏರಿಸಿದೆ. ಉತ್ತರ ಬಂತು. ಇನ್ನೂ ಏರಿಸಿದೆ. ಬಂತು. ಕಡೆಗೆ ಹುಚ್ಚು ಹಿಡಿದವನ ಹಾಗೆ ಇಡೀ ಲೋಡನ್ನು ಎರಡರಷ್ಟು ಮಾಡಿದೆ. ಅಷ್ಟು ಭಾರವನ್ನು ಆ ಒಂದು ಲೈನು ಹೊರಲು ಸಾಧ್ಯವೇ ಇಲ್ಲ, ಅದು ನನಗೆ ಗೊತ್ತು. ಪ್ರಿಂಟರ್ ಕಿರ್ರೆಂದು ಅದಕ್ಕೂ ಒಂದು ಸಾಲು ವೋಲ್ಟೇಜುಗಳನ್ನು ಬಡಿದು ಕೊಟ್ಟಿತು. ಒಪ್ಪವಾಗಿ, ಮೂರು ದಶಮಾಂಶ ಸ್ಥಾನಗಳವರೆಗೆ.

ಏನು ಕೇಳಿದರೂ ಆಗುತ್ತದೆ ಎನ್ನುವ ಪ್ರೋಗ್ರಾಮು! ಇದು ಹಾಗಿದ್ದರೆ ಭಾನುವಾರದ್ದನ್ನೂ ಹಾಗೇ ಹೇಳಿರಬಹುದಲ್ಲ?

ಮುಚ್ಚಿದ ಡಬ್ಬವಾಗಿದ್ದರೆ ನಾನು ಅಲ್ಲಿಗೆ ತಲೆ ಮೇಲೆ ಕೈ ಹೊತ್ತು ಕೂರಬೇಕಿತ್ತು. ಇದರ ಮೂಲ ನಮ್ಮಲ್ಲೇ ಇತ್ತು. ಪೂರ್ತಿ ಅಚ್ಚು ಹಾಕಿಸಿ, ಮಡಿಕೆ ಮಡಿಕೆಯಾಗಿ ಬಂದ ಕಾಗದವನ್ನು ನೆಲದ ಮೇಲೆ ಹರಡಿ, ಮಂಡಿಯೂರಿ ಸಾಲು ಸಾಲಾಗಿ ಓದುತ್ತಾ ಹೋದೆ. ಅಂದಾಜು ನಿಲ್ಲದೆ ಇದ್ದರೆ ಏನು ಮಾಡಬೇಕು ಎನ್ನುವ ಜಾಗ ಸಿಕ್ಕಿತು. ಪ್ರೊಫೆಸರ್ ಅಲ್ಲಿ ಮೂರು ಸಾಲು ಬರೆದಿದ್ದರು: ಇಷ್ಟು ಸುತ್ತಾದರೂ ಅಂದಾಜು ನಿಲ್ಲದಿದ್ದರೆ ಉತ್ತರ ಸಿಗಲಿಲ್ಲ ಎಂದು ಅಚ್ಚು ಮಾಡು, ಅಲ್ಲಿಗೇ ನಿಲ್ಲು. ಆ ಮೂರೂ ಸಾಲುಗಳ ಮೊದಲ ಅಂಕಣದಲ್ಲಿ ಯಾರೋ ಒಂದೊಂದು 'ಸಿ' ಅಕ್ಷರ ಸೇರಿಸಿದ್ದರು. ಫೋರ್ಟ್ರಾನ್‌ನಲ್ಲಿ ಆ ಜಾಗದಲ್ಲಿ ಸಿ ಇದ್ದರೆ ಕಂಪ್ಯೂಟರ್ ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ. ಅಂದರೆ ಉತ್ತರ ಸಿಗದಿದ್ದಾಗಲೂ ನಮ್ಮ ಪ್ರೋಗ್ರಾಮು ತನ್ನ ಕಟ್ಟಕಡೆಯ ಅಂದಾಜನ್ನೇ ಉತ್ತರವೆಂದು ಅಚ್ಚು ಮಾಡಿ ಕೊಡುತ್ತಿತ್ತು.

ಮೂರೂ ಸಿಗಳನ್ನು ಅಳಿಸಿ ಭಾನುವಾರದ ಲೆಕ್ಕವನ್ನು ಓಡಿಸಿದೆ. ಪ್ರಿಂಟರ್ ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಒಂದೇ ಸಾಲು ಹೊಡೆಯಿತು: ಉತ್ತರ ಸಿಗಲಿಲ್ಲ.

ಪ್ರೊಫೆಸರಿಗೆ ಫೋನ್ ಮಾಡಿದೆ. ಅವರು ಸಮಾಧಾನವಾಗಿ ಎಲ್ಲ ಕೇಳಿ, ಆರಂಭದ ಅಂದಾಜನ್ನು ಬದಲಾಯಿಸಿ ನೋಡಲು, ಲೋಡನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಲು ಹೇಳಿದರು. ಶುಕ್ರವಾರ ಮಧ್ಯಾಹ್ನದವರೆಗೆ ಅದನ್ನೇ ಮಾಡಿದೆ. ಲೋಡನ್ನು ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಸಿದರೆ ಉತ್ತರ ಬರುತ್ತಿತ್ತು, ಅದಕ್ಕಿಂತ ಮೇಲೆ ಹೋದರೆ ಇಲ್ಲ. ಮತ್ತೆ ಫೋನ್ ಮಾಡಿದೆ. ಇದರರ್ಥ ಜಾಲ ಬಿದ್ದು ಊರು ಕತ್ತಲಾಗುತ್ತದೆ ಎಂದಲ್ಲ, ತಮ್ಮ ಪ್ರೋಗ್ರಾಮಿನ ಕೈಲಾಗದೆಯೂ ಇರಬಹುದು, ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ ಎಂದರು. ನನಗೆ ಅವರ ಮೇಲೆ ಸಿಟ್ಟೇ ಬಂತು. ಬೀಳುತ್ತದೆ ಅಂತಾದರೂ ಹೇಳಬಾರದಿತ್ತೇ ಮಹಾನುಭಾವರು!

ನಮ್ಮ ವಿಭಾಗದ ಹಿರಿಯರು ಬೆಂಗಳೂರಿನವರು. ಹುದ್ದೆಯಲ್ಲಿ ಚೀಫ್ ಎಂಜಿನಿಯರರ ಕೆಳಗಿನ ಡೆಪ್ಯುಟಿ. ನಾನು ಈ ಊರಿಗೆ ಬಂದಾಗ ಮನೆ ಹುಡುಕಿ ಕೊಟ್ಟವರು, ಹಬ್ಬಕ್ಕೆ ಕರೆದು ಊಟ ಹಾಕಿದವರು. ಕಾಗದದ ಸುರುಳಿಯನ್ನು ಅವರ ಮೇಜಿನ ಮೇಲೆ ಬಿಚ್ಚಿ ಆ ಮೂರು ಸಾಲು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಸಿ ಹಾಕಿದ್ದು ಅವರೇ. ಹಿಂದಿನ ಚೀಫ್ ಕಾಲದಲ್ಲಿ ಮೀಟಿಂಗಿಗೆ ಉತ್ತರವಿಲ್ಲದ ಕಾಗದ ತೆಗೆದುಕೊಂಡು ಹೋದರೆ ಎಲ್ಲರೆದುರು ಮುಖಕ್ಕೆ ಎಸೆಯುತ್ತಿದ್ದರಂತೆ. ಒಂದು ಮೀಟಿಂಗಿನ ಮಟ್ಟಿಗೆಂದು ಹಾಕಿದ್ದು, ತೆಗೆಯುವುದು ಮರೆತೇಹೋಯಿತಂತೆ. ಹೇಳುವಾಗ ಅವರ ದನಿ ಎಷ್ಟು ತಗ್ಗಿತೆಂದರೆ ನಾನು ಮುಂದೆ ಬಾಗಿ ಕೇಳಬೇಕಾಯಿತು.

"ಆ ಸಿ ವಾಪಸ್ ಹಾಕ್ಬಿಡಪ್ಪ," ಅಂದರು. "ಭಾನುವಾರ ಒಂದು ಕಳೀಲಿ, ಆಮೇಲೆ ನೋಡೋಣ."

"ಬಿದ್ರೆ ಸಾರ್?"

"ಬೀಳುತ್ತೆ ಅಂತ ನಿನ್ ಹತ್ರ ಏನಿದೆ? ನಿನ್ನ ಮಗು ಅಲ್ಲಿದೆ ಅಂತ ಆಫೀಸಿಗೆಲ್ಲ ಗೊತ್ತು. ಮಗೂಗೋಸ್ಕರ ಲೈನ್ ಕೆಲಸ ನಿಲ್ಲಿಸ್ದ ಅಂತಾರೆ. ಹೌದೋ ಅಲ್ವೋ ನೀನೇ ಹೇಳು."

ಆ ಮಾತು ನೇರ ಎದೆಗೆ ನಾಟಿತು. ಅವರು ನನ್ನನ್ನು ಹೆದರಿಸಲು ಹಾಗಂದರೋ ಕಾಳಜಿಯಿಂದ ಅಂದರೋ ಇವತ್ತಿಗೂ ಹೇಳಲಾರೆ. ಹೊರಗೆ ಬಂದು ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತೆ. ಜನ ಬೈದುಕೊಂಡು, ತಳ್ಳಿಕೊಂಡು ಹೋಗುತ್ತಿದ್ದರು. ಮಗು ಅಲ್ಲಿರದಿದ್ದರೆ ನಾನು ಆ ಕಾಗದ ಬಿಚ್ಚುತ್ತಿದ್ದೆನೇ? ಇಲ್ಲ. ಹಾಗಾದರೆ ಇದು ಎಂಜಿನಿಯರಿನ ಅನುಮಾನವೋ ಅಪ್ಪನ ಭಯವೋ? ಎಷ್ಟು ಯೋಚಿಸಿದರೂ ಬೇರೆ ಬೇರೆ ಮಾಡಲಾಗಲಿಲ್ಲ. ಆದರೆ ಆ ಮೂರು ಸಿ ನನ್ನ ಭಯದಿಂದ ಹುಟ್ಟಿದ್ದಲ್ಲ, ಅವು ಕಾಗದದ ಮೇಲೆ ಕಣ್ಣೆದುರು ಇದ್ದವು. ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡು, ವಾಪಸ್ ಹೋಗಿ ಚೀಫ್ ಸಾಹೇಬರ ಬಾಗಿಲು ತಟ್ಟಿದೆ.

ಚೀಫ್ ಮರಾಠಿಯವರು. ಮಾತು ಕಡಿಮೆ, ಆದ್ದರಿಂದ ಇನ್ನಷ್ಟು ಹೆದರಿಕೆ. ನಾನು ತೊದಲುತ್ತಾ ಎಲ್ಲ ಹೇಳಿದೆ. ನಿನ್ನ ಮಗು ಬೊರಿವಲಿಯ ಆಸ್ಪತ್ರೆಯಲ್ಲಿದೆಯಂತಲ್ಲ ಎಂದು ಕೇಳಿದರು. ಹೌದು ಸಾರ್, ಹೆದರಿದ್ದಕ್ಕೇ ತೆಗೆದು ನೋಡಿದೆ, ಆದರೆ ಕಂಡದ್ದು ಇದು ಎಂದೆ. ಈ ಸಾಲುಗಳನ್ನು ಮುಚ್ಚಿದ್ದು ಯಾರು ಎಂದು ಕೇಳಿದರು. ನಾನು ಕಾಗದದ ಸುರುಳಿಯನ್ನು ಸುತ್ತತೊಡಗಿದೆ. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. ಡೆಪ್ಯುಟಿ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದರು. "ನಾನು ಸಾರ್," ಎಂದರು.

ಚೀಫ್ ಅವರತ್ತ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು, "ಗಿರೇಗಾ ಯಾ ನಹೀ?" ಬೀಳುತ್ತದೋ ಇಲ್ಲವೋ.

"ಗೊತ್ತಿಲ್ಲ ಸಾರ್."

ಆ ಎರಡು ಪದಗಳನ್ನು ಆ ಕೋಣೆಯಲ್ಲಿ ಹೇಳುವುದಕ್ಕಿಂತ ಲೋಕಲ್ ಬಾಗಿಲಲ್ಲಿ ನೇತಾಡುವುದು ಸುಲಭವಿತ್ತು. ಅವರು ಬೈಯಲಿಲ್ಲ. ಮಳೆ ನಮಗಾಗಿ ಕಾಯುವುದಿಲ್ಲ, ಆದ್ದರಿಂದ ಕೆಲಸ ಮುಂದೂಡುವುದಿಲ್ಲ ಎಂದರು. ಭಾನುವಾರ ಬೆಳಿಗ್ಗೆ ಪಂಪುಗಳೆಲ್ಲ ಓಡುವ ಹೊತ್ತಿಗೆ ಮೊದಲು ಲೈನನ್ನು ಸುಮ್ಮನೆ ಜಾಲದಿಂದ ಬಿಡಿಸಿ ನೋಡುವುದು. ಗ್ಯಾಂಗು ಕೆಳಗೇ ಇರುತ್ತದೆ, ಪರ್ಮಿಟ್ ಯಾರಿಗೂ ಕೊಡುವುದಿಲ್ಲ. ಅರ್ಧ ಗಂಟೆ ವೋಲ್ಟೇಜ್ ನಿಂತರೆ ಹತ್ತಲಿ, ನಿಲ್ಲದಿದ್ದರೆ ಲೈನನ್ನು ವಾಪಸ್ ಸೇರಿಸೋಣ. ಮೀಟರಿನ ಮುಂದೆ ನೀನು ನಿಲ್ಲು, ಹಾಕು ಅನ್ನುವುದೂ ನೀನೇ ಎಂದರು.

ಹೊರಗೆ ಬಂದ ಮೇಲೆ ಅರ್ಥವಾಯಿತು. ಪರೀಕ್ಷೆ ನಡೆಯುವುದು ಆ ಬಲ್ಬುಗಳ ಮೇಲೆ, ನನ್ನ ಮಗಳ ಪೆಟ್ಟಿಗೆಯ ಮೇಲೆ. ಕೇಳಿಕೊಂಡು ತಂದದ್ದು ನಾನೇ.

ಶನಿವಾರ ನರ್ಸಿಗೆ ನಾಳೆ ಬೆಳಿಗ್ಗೆ ಕರೆಂಟು ಸ್ವಲ್ಪ ಆಚೀಚೆ ಆಗಬಹುದು, ಹತ್ತಿಯ ಹೊದಿಕೆ ಹತ್ತಿರವಿಟ್ಟುಕೊಳ್ಳಿ ಎಂದಷ್ಟೇ ಹೇಳಿದೆ. ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲ.

ಭಾನುವಾರ ರಿಸೀವಿಂಗ್ ಸ್ಟೇಷನ್ನಿನ ಅಂಗಳದಲ್ಲಿ ಗ್ಯಾಂಗಿನವರು ಹಗ್ಗ, ರಾಟೆ ಇಟ್ಟುಕೊಂಡು ಮರದ ನೆರಳಲ್ಲಿ ಕೂತಿದ್ದರು. ಹತ್ತಬೇಕೋ ಬೇಡವೋ ಒಂದು ಹೇಳ್ರಿ ಎಂದು ಅವರಿಗೆ ಬೇಸರ. ಕಂಟ್ರೋಲ್ ರೂಮಿನ ಆಪರೇಟರ್ ಕೂಡ ಅವರ ಕಡೆಯವನೇ, ನಡುವಯಸ್ಸಿನವನು. ಚೀಫ್ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು, ವೋಲ್ಟ್ ಮೀಟರಿನ ಗಾಜಿನ ಮೇಲೆ ಗೆರೆ ಎಳೆಯಲು ಹೇಳಿದರು. ಮುಳ್ಳು ಆ ಗೆರೆ ಮುಟ್ಟಿದರೆ ಲೈನು ವಾಪಸ್. ಅದಕ್ಕಿಂತ ಮುಂಚೆ ಇಲ್ಲ. ಗೆರೆ ಎಲ್ಲಿರಬೇಕೆಂದು ಶನಿವಾರವೇ ಇಬ್ಬರೂ ಕೂತು ಒಪ್ಪಿದ್ದೆವು. ಎಳೆಯುವಾಗ ಒಂದು ಕೂದಲೆಳೆ ಮೇಲಕ್ಕೆ ಎಳೆಯೋಣವೇ ಅನ್ನಿಸಿತು. ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಎಲ್ಲಿಗೆಂದು ಒಪ್ಪಿದ್ದೆವೋ ಅಲ್ಲಿಗೇ ಎಳೆದೆ.

ಆಪರೇಟರ್ ಬ್ರೇಕರಿನ ಹಿಡಿಕೆ ತಿರುಗಿಸಿ ಲೈನನ್ನು ಬಿಡಿಸಿದ. ಹೊರಗೆ ಢಬ್ ಎಂದು ಸದ್ದಾಯಿತು. ಮುಳ್ಳು ಜರ್ರನೆ ಇಳಿದು, ಗೆರೆಗಿಂತ ಸ್ವಲ್ಪ ಮೇಲೆ ನಿಂತಿತು. ನಿಂತೇ ಇತ್ತು. ಚೀಫ್ ಗಡಿಯಾರ ನೋಡಿದರು. ಡೆಪ್ಯುಟಿ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ನನಗೆ ಉಸಿರು ಬಂತು. ಪಾಪ, ಅವರ ಜೊತೆ ಮುಖ ಕೆಡಿಸಿಕೊಂಡದ್ದೇ ಬಂತು, ನನ್ನ ಭಯವೇ ಸುಳ್ಳಾಯಿತಲ್ಲ ಎಂದು ನಗುವೂ ಬಂತು.

ಆಮೇಲೆ ಮುಳ್ಳು ಕದಲಿತು. ಮೊದಲು ಕಣ್ಣಿಗೆ ಕಾಣದಷ್ಟು ನಿಧಾನ. ವೋಲ್ಟೇಜ್ ಇಳಿದಾಗ ಪಂಪಿನ ಮೋಟಾರುಗಳು ಏದುಸಿರು ಬಿಟ್ಟು ಇನ್ನೂ ಹೆಚ್ಚು ಕರೆಂಟು ಎಳೆಯುತ್ತವೆ, ಎಳೆದಷ್ಟೂ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಕಾಲೇಜಿನಲ್ಲಿ ಓದಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ.

"ಸಾಹೇಬ್ರ, ಮುಳ್ಳು ನಿಂದ್ರವಲ್ದು," ಎಂದ ಆಪರೇಟರ್. ಅವನ ಕೈ ಹಿಡಿಕೆಯ ಮೇಲಿತ್ತು. "ಹಾಕ್ಲೇನ್ರೀ?"

ಗೆರೆಗೆ ಇನ್ನೂ ಜಾಗವಿತ್ತು. ಈಗ ಹಾಕು ಅಂದರೆ ಮಗುವಿಗೋಸ್ಕರ ಅಂದ ಎನ್ನುತ್ತಾರೆ, ಲೈನು ನಿಲ್ಲುತ್ತಿತ್ತು ಎನ್ನುತ್ತಾರೆ, ಮುಂದಿನ ವಾರ ಜನರನ್ನು ಹತ್ತಿಸಿ ನಿಜವಾಗಿ ಬಂದ್ ಮಾಡುತ್ತಾರೆ. ಮಗಳು ಅಲ್ಲೇ ಇರುತ್ತಾಳೆ. ಬೊರಿವಲಿಯ ಆ ಕೋಣೆಯಲ್ಲಿ ಈಗ ಬಲ್ಬುಗಳು ಹೇಗಿರಬಹುದೆಂದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಅಷ್ಟು ಹೆದರಿಕೆಯನ್ನು ನಾನು ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೆಯೂ ಕಂಡಿಲ್ಲ. ಮುಳ್ಳು ಬಂದು ಬಿಳಿ ಗೆರೆಯ ಹಿಂದೆ ಮರೆಯಾಯಿತು.

"ಹಾಕ್ರಿ!"

ಢಬ್ ಎಂದಿತು. ಮುಳ್ಳು ಎಗರಿ ಮೇಲೆ ಬಂತು. ಟವರ್ ಮೇಲೆ ಒಬ್ಬನಿದ್ದರೂ ಆ ಬ್ರೇಕರ್ ಹಾಕುವಂತಿರಲಿಲ್ಲ. ಗ್ಯಾಂಗಿಗೆ ಮನೆಗೆ ಹೋಗಲು ಹೇಳಿ ಎಂದು ಚೀಫ್ ಮರಾಠಿಯಲ್ಲಿ ಹೇಳಿದರು. ನಾನು ಕರವಸ್ತ್ರ ತೆಗೆದು ಗಾಜಿನ ಮೇಲಿನ ಗೆರೆ ಒರೆಸಲು ಹೋದಾಗ ಅವರು ನನ್ನ ಕೈ ಹಿಡಿದು, ಅದು ಅಲ್ಲೇ ಇರಲಿ ಎಂದರು.

ಹೊಸದಾಗಿ ಕೇಬಲ್ ಎಳೆದು ಪಕ್ಕದ ಸ್ಟೇಷನ್ನಿಗೆ ಅರ್ಧ ಲೋಡನ್ನು ಹಂಚಿ, ಇನ್ಸುಲೇಟರುಗಳನ್ನು ಮಳೆಗೆ ಮುಂಚೆಯೇ ಬದಲಾಯಿಸಿದರು. ನಮ್ಮ ನಕಲು ಒಯ್ದಿದ್ದ ಗುಡ್ಡಗಾಡಿನವರಿಗೂ ದ್ವೀಪದವರಿಗೂ ಪ್ರೊಫೆಸರಿಗೂ ಡೆಪ್ಯುಟಿ ತಾವೇ ಕಾಗದ ಬರೆದು ಸರಿಮಾಡಿದ ಫ್ಲಾಪಿ ಕಳಿಸಿದರು. ಮೂರು ಸಾಲು ಯಾರು ಮುಚ್ಚಿದ್ದೆಂದು ಅದರಲ್ಲಿ ತಮ್ಮ ಹೆಸರನ್ನೇ ಬರೆದಿದ್ದರು. ಅದೆಲ್ಲ ಆಮೇಲಿನದು. ಆ ಭಾನುವಾರ ನಾನು ಸ್ಟೇಷನ್ನಿನಿಂದ ಓಡಿ ರಿಕ್ಷಾ ಹತ್ತಿದೆ.

ನರ್ಸಿಂಗ್ ಹೋಮಿನಲ್ಲಿ ಪೆಟ್ಟಿಗೆಗೆ ಹತ್ತಿಯ ಹೊದಿಕೆ ಸುತ್ತಿದ್ದರು. ಹೆಂಡತಿ ಅದರ ಪಕ್ಕದಲ್ಲಿ, ಎರಡೂ ಕೈಯನ್ನು ಹೊದಿಕೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಣುಕಿ ನೋಡಿದೆ. ಮಗಳ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ರೀ, ಬಲ್ಬೆಲ್ಲ ಕೆಂಪಗಾಗೋಯ್ತು," ಎಂದಳು. "ಕೆಂಡ ಆರೋ ಥರ. ಫ್ಯಾನು ನಿಂತೇಹೋಯ್ತು. ಆಮೇಲೆ ಬಂತು. ಏನ್ರೀ ಅದು?"

"ನಮ್ಮದೇ ಕೆಲಸ ಕಣೇ. ಲೈನ್ ತೆಗೆದು ನೋಡಿದ್ವಿ. ನಾನೇ ನಿಂತಿದ್ದೆ."

ಅವಳು ಪೆಟ್ಟಿಗೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಇನ್ನೊಂದ್ಸಲ ಹೀಗಾಗಲ್ಲ ತಾನೇ?"

ಏನೂ ಆಗಲ್ಲ ಬಿಡೇ ಎನ್ನುವ ಮಾತು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂತು.

"ಗೊತ್ತಿಲ್ಲ ಕಣೇ," ಅಂದೆ.

ಬೈಯುತ್ತಾಳೆ ಅಂದುಕೊಂಡೆ. ಅವಳು ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಎದ್ದು ನಿಂತಳು.

"ಹಾಗಿದ್ರೆ ಎರಡು ರಬ್ಬರ್ ಚೀಲ ತಗೊಂಡ್ಬನ್ನಿ, ಬಿಸಿನೀರು ಹಾಕೋದು. ಸ್ಟೇಷನ್ ಹತ್ರ ಮೆಡಿಕಲ್ ಅಂಗಡಿ ತೆಗೆದಿರುತ್ತೆ. ನಾನು ನರ್ಸಮ್ಮಂಗೆ ಹೇಳಿ ನೀರು ಕಾಯೋಕೆ ಇಡಿಸ್ತೀನಿ."